ಅಂಟಾರ್ಕ್ಟಿಕಾದ ಹುಳುವಿಗೆ ಬೆಚ್ಚನೆಯ ಚಳಿಗಾಲ ಏಕೆ ಕಂಟಕ?

ಅಂಟಾರ್ಕ್ಟಿಕಾ ಎಂದೊಡನೆ ಪೆಂಗ್ವಿನ್ ಮತ್ತು ಸೀಲ್ ನೆನಪಾಗುತ್ತವೆ. ಎರಡಕ್ಕೂ ಅನ್ನ ಹಾಕುವುದು ಸಮುದ್ರ. ಅವು ನೆಲಕ್ಕೆ ಬರುವುದು ಮರಿ ಮಾಡಲು, ದಣಿವಾರಿಸಿಕೊಳ್ಳಲು. ವರ್ಷವಿಡೀ ಆ ಖಂಡದ ನೆಲದಲ್ಲೇ ಬಾಳುವ ಸ್ಥಳೀಯ ಪ್ರಾಣಿಗಳಲ್ಲಿ ಅತಿ ದೊಡ್ಡದು ಒಂದು ಕೀಟ. ಉದ್ದ 2ರಿಂದ 6 ಮಿಲಿಮೀಟರ್. ರೆಕ್ಕೆ ಇಲ್ಲ. ಹೆಸರು ಬೆಲ್ಜಿಕಾ ಅಂಟಾರ್ಕ್ಟಿಕಾ.

ಹೆಸರು ಬಂದದ್ದು ಒಂದು ಹಡಗಿನಿಂದ. 1897ರಿಂದ 1899ರವರೆಗೆ ನಡೆದ ಬೆಲ್ಜಿಯಂನ ಅಂಟಾರ್ಕ್ಟಿಕಾ ಯಾತ್ರೆಯ ಹಡಗು ‘ಬೆಲ್ಜಿಕಾ’ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದು ಇಡೀ ಚಳಿಗಾಲವನ್ನು ಅಲ್ಲೇ ಕಳೆದಿತ್ತು. ಅದರಲ್ಲಿದ್ದ ರೊಮೇನಿಯಾದ ಜೀವಶಾಸ್ತ್ರಜ್ಞ ಎಮಿಲ್ ರಾಕೊವಿಟ್ಸಾ ಈ ಕೀಟವನ್ನು ಸಂಗ್ರಹಿಸಿ ತಂದರು. 1900ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿತು. ಕುಲ ನೋಡಿದರೆ ಇದು ನಮಗೆ ತೀರಾ ಅಪರಿಚಿತವೇನಲ್ಲ. ಬೆಂಗಳೂರಿನ ಕೆರೆಗಳ ಸುತ್ತ ಸಂಜೆ ಹೊತ್ತು ಗುಂಪುಗುಂಪಾಗಿ ಏಳುವ, ಸೊಳ್ಳೆಯಂತೆಯೇ ಕಂಡರೂ ಕಚ್ಚದ ಗುಂಗುರುಗಳಿವೆಯಲ್ಲ, ಅವುಗಳ ಕೈರೊನಾಮಿಡ್ ಕುಟುಂಬದ್ದೇ ಇದು. ಅಕ್ವೇರಿಯಂ ಮೀನುಗಳಿಗೆ ಹಾಕುವ ಕೆಂಪು ‘ಬ್ಲಡ್‌ವರ್ಮ್’ ಆ ಕುಟುಂಬದ ಮರಿಹುಳು.

ಬೆಲ್ಜಿಕಾದ ಆಯುಷ್ಯ ಎರಡು ವರ್ಷ. ಅದರಲ್ಲಿ ಪ್ರೌಢ ಕೀಟವಾಗಿ ಬದುಕುವುದು ಬೇಸಿಗೆಯ ಹತ್ತು-ಹದಿನಾಲ್ಕು ದಿನ ಮಾತ್ರ. ಅಷ್ಟರೊಳಗೆ ಕೂಡಿ, ಮೊಟ್ಟೆಯಿಟ್ಟು, ಸಾಯುತ್ತದೆ. ಉಳಿದ ಕಾಲವೆಲ್ಲ ಮರಿಹುಳುವಿನ ರೂಪದಲ್ಲಿ, ಹಾವಸೆ-ಪಾಚಿಗಳ ನಡುವೆ, ಪೆಂಗ್ವಿನ್ ಹಿಕ್ಕೆ ಬಿದ್ದ ಒದ್ದೆ ಮಣ್ಣಿನಲ್ಲಿ ಕಳೆಯುತ್ತದೆ. ಎಂದರೆ ಎರಡು ಅಂಟಾರ್ಕ್ಟಿಕ್ ಚಳಿಗಾಲಗಳನ್ನು ಈ ಮರಿಹುಳು ದಾಟಲೇಬೇಕು.

ಹಾಗಾದರೆ ಇದು ಜಗತ್ತಿನಲ್ಲೇ ಅತಿ ಹೆಚ್ಚು ಚಳಿ ತಡೆಯುವ ಕೀಟ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಮೈನಸ್ 15 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಲ್ಜಿಕಾ ಮರಿಹುಳು ಸಾಯತೊಡಗುತ್ತದೆ. ಅಲಾಸ್ಕಾದಲ್ಲಿ ಸತ್ತ ಮರಗಳ ತೊಗಟೆಯಡಿ ಬದುಕುವ ಕ್ಯೂಕ್ಯುಜಸ್ ಎಂಬ ಚಪ್ಪಟೆ ಕೆಂಪು ದುಂಬಿಯ ಮರಿಹುಳುಗಳಲ್ಲಿ ಕೆಲವು ಪ್ರಯೋಗಾಲಯದಲ್ಲಿ ಮೈನಸ್ 100 ಡಿಗ್ರಿಯನ್ನೂ ತಾಳಿಕೊಂಡು ಬದುಕುಳಿದಿವೆ. ಅದರ ಮುಂದೆ ಮೈನಸ್ 15 ಏನೇನೂ ಅಲ್ಲ. ಆದರೂ ಅಂಟಾರ್ಕ್ಟಿಕಾದಲ್ಲಿ ಗೆದ್ದು ನಿಂತದ್ದು ಬೆಲ್ಜಿಕಾ. ಈ ಒಗಟನ್ನು ಬಿಡಿಸಲು ಹೊರಟರೆ ಚಳಿಯ ಬಗ್ಗೆ ನಮಗಿರುವ ತಿಳಿವಳಿಕೆಯನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಜೊತೆಗೆ, ಭೂಮಿ ಬಿಸಿಯಾಗುತ್ತಿರುವಾಗ ಇಂಥ ಕೀಟಗಳಿಗೆ ಒಳಿತಾಗುತ್ತದೋ ಕೆಡುಕೋ ಎಂಬ ಪ್ರಶ್ನೆಗೂ ದಾರಿ ಅಲ್ಲಿಂದಲೇ ತೆರೆಯುತ್ತದೆ.

ಚಳಿ ಕೀಟವನ್ನು ಹೇಗೆ ಕೊಲ್ಲುತ್ತದೆ? ಬಹುಪಾಲು ನೀರಿನ ಮೂಲಕ. ಜೀವಕೋಶದ ಒಳಗಿನ ನೀರು ಹೆಪ್ಪುಗಟ್ಟಿ ಹರಳಾದರೆ ಪೊರೆಗಳು ಹರಿಯುತ್ತವೆ, ಒಳಗಿನ ವ್ಯವಸ್ಥೆಯೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಇದನ್ನು ತಪ್ಪಿಸಲು ಕೀಟಗಳು ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಒಂದನೆಯದು, ಹೆಪ್ಪುಗಟ್ಟುವುದನ್ನೇ ತಡೆಯುವುದು. ಶುದ್ಧ ನೀರು ಸೊನ್ನೆ ಡಿಗ್ರಿಗೆ ಇಳಿದ ಕೂಡಲೇ ತಾನಾಗಿ ಮಂಜಾಗುವುದಿಲ್ಲ. ಹರಳು ಕಟ್ಟಲು ಒಂದು ಕಣದ ಆಸರೆ ಬೇಕು. ಹೊಟ್ಟೆಯನ್ನು ಖಾಲಿ ಮಾಡಿಕೊಂಡು, ಮೈಯಲ್ಲಿ ಗ್ಲಿಸರಾಲ್ ಎಂಬ ಮಂದದ್ರವ ತುಂಬಿಕೊಂಡು, ಹರಳು ಬೆಳೆಯದಂತೆ ತಡೆಯುವ ಪ್ರೋಟೀನುಗಳನ್ನು ತಯಾರಿಸಿಕೊಂಡು ಕೆಲವು ಕೀಟಗಳು ಸೊನ್ನೆಗಿಂತ ಎಷ್ಟೋ ಕೆಳಗೂ ದ್ರವವಾಗಿಯೇ ಉಳಿಯುತ್ತವೆ. ಅಲಾಸ್ಕಾದ ದುಂಬಿಯ ದಾರಿ ಇದು. ಎರಡನೆಯದು, ಹೆಪ್ಪುಗಟ್ಟಲು ಬಿಡುವುದು, ಆದರೆ ಜೀವಕೋಶದ ಹೊರಗೆ ಮಾತ್ರ. ಕೀಟದ ದೇಹದ್ರವದಲ್ಲಿ ಮಂಜಿನ ಹರಳು ಕಟ್ಟುತ್ತಾ ಹೋದಂತೆ ಉಳಿದ ದ್ರವ ಮಂದವಾಗುತ್ತದೆ. ಆ ಮಂದ ದ್ರವ ಜೀವಕೋಶಗಳೊಳಗಿನ ನೀರನ್ನು ಹೊರಗೆ ಸೆಳೆಯುತ್ತದೆ. ಕೋಶಗಳು ಮುದುಡುತ್ತವೆ, ಒಳಗೆ ಹೆಪ್ಪುಗಟ್ಟಲು ನೀರೇ ಉಳಿದಿರುವುದಿಲ್ಲ. ಬೆಲ್ಜಿಕಾ ಮರಿಹುಳುವಿನ ಒಂದು ಉಪಾಯ ಇದೇ.

ಎರಡನೆಯ ದಾರಿಯನ್ನು ಇನ್ನೊಮ್ಮೆ ನೋಡಿ. ಹೆಪ್ಪುಗಟ್ಟುತ್ತಿರುವ ಕೀಟದ ಜೀವಕೋಶಕ್ಕೆ ಆಗುತ್ತಿರುವುದು ನೀರಿನ ಬರ. ಸುಡುಬಿಸಿಲಿನಲ್ಲಿ ಒಣಗುವ ಕೋಶಕ್ಕೂ ಮಂಜಿನ ನಡುವೆ ಮುದುಡುವ ಕೋಶಕ್ಕೂ ಎದುರಾಗುವ ಕಷ್ಟ ಹೆಚ್ಚುಕಡಿಮೆ ಒಂದೇ: ನೀರು ಕಡಿಮೆ, ಲವಣ ಹೆಚ್ಚು, ಪೊರೆಗಳು ಕುಸಿಯುವ ಭಯ, ಪ್ರೋಟೀನುಗಳು ಆಕಾರ ಕಳೆದುಕೊಳ್ಳುವ ಭಯ. ಹಾಗಾಗಿ ಬರಕ್ಕೆ ಸಿದ್ಧವಾದ ಜೀವಿ ಚಳಿಗೂ ಅರ್ಧ ಸಿದ್ಧವಾದಂತೆಯೇ. ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿಕೈ ಇಲ್ಲಿದೆ. ಶೀತಪ್ರದೇಶದ ಕೀಟಗಳ ಬಗ್ಗೆ ಬರೆಯುವಾಗ ಥರ್ಮಾಮೀಟರನ್ನಷ್ಟೇ ನೋಡಿ, ನೀರಿನ ಲೆಕ್ಕ ಬಿಟ್ಟರೆ ವಿಷಯದ ಅರ್ಧ ಭಾಗ ಕೈತಪ್ಪಿಹೋಗುತ್ತದೆ.

ನೀರಿನ ಲೆಕ್ಕದಲ್ಲಿ ಬೆಲ್ಜಿಕಾ ನಿಜಕ್ಕೂ ಅಸಾಧಾರಣ. ಮೈಯ ನೀರಿನಲ್ಲಿ ಶೇ. 70ರಷ್ಟನ್ನು ಕಳೆದುಕೊಂಡರೂ ಮರಿಹುಳು ಬದುಕುತ್ತದೆ. ಸುಕ್ಕುಗಟ್ಟಿ ಒಣಗಿದ ನಾರಿನ ಚೂರಿನಂತೆ ಬಿದ್ದಿರುತ್ತದೆ. ನೀರು ಸಿಕ್ಕರೆ ಮತ್ತೆ ಚೇತರಿಸಿಕೊಂಡು ತೆವಳುತ್ತದೆ. ಇಷ್ಟು ಚಿಕ್ಕ ಪ್ರಾಣಿಗೆ ನೀರು ಉಳಿಸಿಕೊಳ್ಳುವುದೇ ಕಷ್ಟ: ಗಾತ್ರ ಕಿರಿದಾದಷ್ಟೂ ಮೈಯ ಹೊರಮೈ ಪ್ರಮಾಣದಲ್ಲಿ ದೊಡ್ಡದಾಗಿ, ನೀರು ಆವಿಯಾಗುವ ವೇಗ ಹೆಚ್ಚುತ್ತದೆ. ಮರಿಹುಳುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿದ್ದರೆ ನೀರು ಹೋಗುವುದು ನಿಧಾನವಾಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಮಹತ್ವದ ವಿಷಯ ಅದಲ್ಲ. ನಿಧಾನವಾಗಿ ಸ್ವಲ್ಪ ನೀರು ಕಳೆದುಕೊಂಡ ಮರಿಹುಳುಗಳು, ತುಂಬಿದ ಮೈಯ ಮರಿಹುಳುಗಳಿಗಿಂತ ಚಳಿಯನ್ನೂ ಬಿಸಿಯನ್ನೂ ಚೆನ್ನಾಗಿ ತಾಳುತ್ತವೆ. ಸಮುದ್ರದ ಉಪ್ಪುನೀರಿನಲ್ಲಿ ಕೆಲಕಾಲ ನೆನೆದವುಗಳಿಗೂ ಹೆಪ್ಪುಗಟ್ಟುವಿಕೆಯನ್ನು ತಾಳುವ ಶಕ್ತಿ ಹೆಚ್ಚುತ್ತದೆ, ಕಾರಣ ಉಪ್ಪು ಮೈಯ ನೀರನ್ನು ಎಳೆದುಕೊಂಡಿರುತ್ತದೆ.

ಅಮೆರಿಕದ ರಿಚರ್ಡ್ ಲೀ ಮತ್ತು ಡೇವಿಡ್ ಡೆನ್ಲಿಂಗರ್ ಅವರ ತಂಡಗಳು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಬಳಿಯ ಪಾಮರ್ ಸಂಶೋಧನಾ ಕೇಂದ್ರದ ಸುತ್ತಮುತ್ತಲಿನ ದ್ವೀಪಗಳಿಂದ ಮರಿಹುಳುಗಳನ್ನು ತಂದು ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಿಂದ ಇನ್ನೂ ಸೂಕ್ಷ್ಮವಾದ ಒಂದು ಉಪಾಯ ಹೊರಬಿತ್ತು. ಒಂದೇ ತಾಪಮಾನದಲ್ಲಿ, ಸೊನ್ನೆಗಿಂತ ಕೆಳಗೂ ದ್ರವವಾಗಿರುವ ನೀರಿನ ಆವಿಯ ಒತ್ತಡ, ಎಂದರೆ ಆವಿಯಾಗಿ ಹೊರಹೋಗುವ ಒಲವು, ಮಂಜುಗಡ್ಡೆಯದಕ್ಕಿಂತ ಹೆಚ್ಚು. ಹೀಗಾಗಿ ಮಂಜಿನ ನಡುವೆ ಹೆಪ್ಪುಗಟ್ಟದೆ ಕುಳಿತ ಮರಿಹುಳುವಿನ ಮೈಯಿಂದ ನೀರು ಆವಿಯಾಗಿ ಸುತ್ತಲಿನ ಮಂಜಿಗೆ ಸೇರುತ್ತಾ ಹೋಗುತ್ತದೆ. ಹೊರಗಿನ ಮಂಜು ಒಳಗಿನ ನೀರನ್ನು ಕುಡಿಯುತ್ತದೆ. ನೀರು ಹೋದಷ್ಟೂ ದೇಹದ್ರವ ಮಂದವಾಗಿ, ಅದು ಹೆಪ್ಪುಗಟ್ಟಬೇಕಾದ ಬಿಂದು ಕೆಳಗಿಳಿಯುತ್ತದೆ. ಕೊನೆಗೆ ಸುತ್ತಲಿನ ತಾಪಮಾನಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಆ ತಾಪಮಾನದಲ್ಲಿ ಮರಿಹುಳು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಮಂಜಿನ ಜೊತೆಗಿಟ್ಟು ಹತ್ತು ದಿನಗಳಲ್ಲಿ ಮೈನಸ್ 3 ಡಿಗ್ರಿಯವರೆಗೆ ನಿಧಾನವಾಗಿ ತಣಿಸಿದಾಗ ಮರಿಹುಳುಗಳು ತಮ್ಮ ನೀರಿನ ಶೇ. 40ಕ್ಕೂ ಹೆಚ್ಚನ್ನು ಹೀಗೆ ಬಿಟ್ಟುಕೊಟ್ಟವು. ಉತ್ತರ ಧ್ರುವದ ಸ್ವಾಲ್‌ಬಾರ್ಡ್ ದ್ವೀಪಗಳ ಮಣ್ಣಿನಲ್ಲಿರುವ ಸ್ಪ್ರಿಂಗ್‌ಟೈಲ್ ಎಂಬ ಪುಟ್ಟ ಜೀವಿಯೂ ಇದೇ ದಾರಿ ಹಿಡಿದಿದೆ. ತೀರಾ ದೂರದ ಸಂಬಂಧದ ಎರಡು ಜೀವಿಗಳು ಭೂಮಿಯ ಎರಡು ತುದಿಗಳಲ್ಲಿ ಒಂದೇ ಭೌತನಿಯಮವನ್ನು ತಮ್ಮ ರಕ್ಷಣೆಗೆ ಬಳಸಿಕೊಂಡಿವೆ.

ಬೆಲ್ಜಿಕಾಕ್ಕೆ ಒಬ್ಬ ದಾಯಾದಿ ಇದ್ದಾನೆ, ಆಫ್ರಿಕಾದಲ್ಲಿ. ನೈಜೀರಿಯಾದಂಥ ಬಿಸಿನಾಡುಗಳ ಬಂಡೆಗಳ ಮೇಲೆ ಮಳೆಗಾಲದಲ್ಲಿ ನೀರು ನಿಲ್ಲುವ ಸಣ್ಣ ಗುಂಡಿಗಳಲ್ಲಿ ಬದುಕುವ ಪಾಲಿಪೆಡಿಲಮ್ ವಾಂಡರ್‌ಪ್ಲಾಂಕಿ. ಅದೂ ಕೈರೊನಾಮಿಡ್ ಕುಟುಂಬದ್ದೇ. ಗುಂಡಿ ಒಣಗಿದಾಗ ಅದರ ಮರಿಹುಳು ತನ್ನ ನೀರಿನ ಸುಮಾರು ಶೇ. 97ನ್ನು ಬಿಟ್ಟುಕೊಟ್ಟು, ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈಯೆಲ್ಲ ತುಂಬಿಕೊಂಡು ಗಾಜಿನಂತಾಗಿ ವರ್ಷಗಟ್ಟಲೆ ಬಿದ್ದಿರಬಲ್ಲದು. ಕೀಟಶಾಸ್ತ್ರಜ್ಞ ಹೋವರ್ಡ್ ಹಿಂಟನ್ 1960ರಲ್ಲಿ ವರದಿ ಮಾಡಿದಂತೆ, ಹೀಗೆ ಒಣಗಿದ ಮರಿಹುಳುಗಳು ಮೈನಸ್ 270 ಡಿಗ್ರಿಯನ್ನೂ, ಸ್ವಲ್ಪ ಹೊತ್ತು ನೂರು ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನೂ ತಡೆದುಕೊಂಡವು. ಬಿಸಿನಾಡಿನ ಹುಳು, ಬರ ತಡೆಯಲು ಕಲಿತ ವಿದ್ಯೆಯಿಂದಲೇ ತಾನೆಂದೂ ಕಾಣದ ಚಳಿಯನ್ನು ಗೆದ್ದಿತು. ನೀರೇ ಇಲ್ಲದ ಮೈಯಲ್ಲಿ ಚಳಿಗೆ ಕೈಹಾಕಲು ಏನೂ ಇರುವುದಿಲ್ಲ.

ಬೆಲ್ಜಿಕಾ ಅಷ್ಟು ದೂರ ಹೋಗುವುದಿಲ್ಲ. ಹೋಗಬೇಕಾದ ಅಗತ್ಯವೂ ಇಲ್ಲ. ಹಿಮದ ಹೊದಿಕೆ ಅದನ್ನು ಕಾಯುತ್ತದೆ. ಮೇಲೆ ಗಾಳಿ ಎಷ್ಟೇ ಕೊರೆಯುತ್ತಿರಲಿ, ಹಿಮ ಮತ್ತು ಹಾವಸೆಯ ಅಡಿಯಲ್ಲಿ ಮಣ್ಣಿನ ತಾಪಮಾನ ಚಳಿಗಾಲದ ಬಹುಪಾಲು ಸೊನ್ನೆಯಿಂದ ಮೈನಸ್ 7ರ ಆಸುಪಾಸಿನಲ್ಲೇ ಉಳಿಯುತ್ತದೆ. ಮೈನಸ್ 15ರ ಮಿತಿ ಅಲ್ಲಿ ಸಾಕು. ಮೇಲಿನ ಒಗಟಿಗೆ ಉತ್ತರ ಇದೇ: ಅಂಟಾರ್ಕ್ಟಿಕಾದ ಹವಾಮಾನ ವರದಿಯಲ್ಲಿರುವ ಚಳಿ ಬೇರೆ, ಈ ಹುಳು ಅನುಭವಿಸುವ ಚಳಿ ಬೇರೆ. ಅದರ ಬದುಕು ನಿಂತಿರುವುದು ಆ ಹೊದಿಕೆ ಕೊಡುವ ಸ್ಥಿರತೆಯ ಮೇಲೆ.

ಒಳಗಿನ ಸಿದ್ಧತೆಗಳೂ ಕಡಿಮೆಯಿಲ್ಲ. ಪ್ರೋಟೀನುಗಳು ಆಕಾರ ಕೆಡದಂತೆ ಕಾಯುವ ‘ಹೀಟ್ ಶಾಕ್’ ಪ್ರೋಟೀನುಗಳನ್ನು ಸಾಮಾನ್ಯ ಜೀವಿಗಳು ಕಷ್ಟ ಬಂದಾಗಷ್ಟೇ ತಯಾರಿಸುತ್ತವೆ. ಬೆಲ್ಜಿಕಾ ಮರಿಹುಳು ಅವನ್ನು ಸದಾಕಾಲ ತಯಾರಿಸುತ್ತಲೇ ಇರುತ್ತದೆ. ಪ್ರೌಢವಾದ ಮೇಲೆ ಈ ಅಭ್ಯಾಸ ನಿಲ್ಲುತ್ತದೆ. ಇದಕ್ಕೆ ಬೆಲೆ ತೆರಬೇಕು: ಶಕ್ತಿ ಅಲ್ಲಿ ಖರ್ಚಾದರೆ ಬೆಳವಣಿಗೆ ನಿಧಾನ. ಒಣಗುವಾಗ ಮರಿಹುಳು ತನ್ನ ಚಯಾಪಚಯವನ್ನು ಬಹುಮಟ್ಟಿಗೆ ನಿಲ್ಲಿಸಿ, ಕೆಟ್ಟ ಪ್ರೋಟೀನುಗಳನ್ನೂ ಕೋಶದ ಹಳೆಯ ಭಾಗಗಳನ್ನೂ ತಾನೇ ಕರಗಿಸಿ ಮರುಬಳಸಿಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಅದರ ಜೀನೋಮ್, ಎಂದರೆ ಇಡೀ ಡಿಎನ್‌ಎ ಬರಹ, ಕೇವಲ 9.9 ಕೋಟಿ ಬೇಸ್ ಜೋಡಿಗಳಷ್ಟು (ಅಕ್ಷರಗಳಷ್ಟು). ಆವರೆಗೆ ಓದಲಾಗಿದ್ದ ಕೀಟಗಳ ಜೀನೋಮ್‌ಗಳಲ್ಲೇ ಅತಿ ಚಿಕ್ಕದು. ಮನುಷ್ಯನದು 300 ಕೋಟಿಗೂ ಹೆಚ್ಚು. ಜೀನ್‌ಗಳ ಸಂಖ್ಯೆ ಉಳಿದ ಕೀಟಗಳಿಗಿಂತ ಬಹಳ ಕಡಿಮೆಯೇನಲ್ಲ, ನಡುವೆ ತುಂಬಿರುವ ಪುನರಾವರ್ತನೆಯ ಭಾಗಗಳು ಮಾತ್ರ ಇಲ್ಲಿ ಅತ್ಯಲ್ಪ.

ಚಳಿ ಬರುವ ಸುಳಿವು ಸಿಕ್ಕರೆ ಕೀಟಗಳು ಎಷ್ಟು ಬೇಗ ಸಜ್ಜಾಗುತ್ತವೆ ಎಂಬುದನ್ನು ಲೀ, ಚೆನ್ ಮತ್ತು ಡೆನ್ಲಿಂಗರ್ 1987ರಲ್ಲಿ ತೋರಿಸಿದರು. ಮಾಂಸನೊಣಗಳನ್ನು ನೇರವಾಗಿ ಮೈನಸ್ 10 ಡಿಗ್ರಿಗೆ ಒಯ್ದರೆ ಸತ್ತವು. ಮೊದಲು ಸ್ವಲ್ಪ ಹೊತ್ತು ಸೊನ್ನೆ ಡಿಗ್ರಿಯಲ್ಲಿಟ್ಟು ಆಮೇಲೆ ಒಯ್ದರೆ ಬದುಕಿದವು. ಬೆಲ್ಜಿಕಾದಲ್ಲಿ ಈ ಸಿದ್ಧತೆ ಮೈ ಹೆಪ್ಪುಗಟ್ಟಿದ ಮೇಲೂ ನಡೆಯುತ್ತದೆ ಎಂಬುದು ನಂತರದ ಶೋಧ. ನನಗೆ ಈ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಹೊರಗಿನಿಂದ ಮಂಜಿನ ತುಣುಕಿನಂತೆ ಕಾಣುವ ಮೈಯೊಳಗೆ ಜೀವಕೋಶಗಳು ಇನ್ನೂ ಚಳಿಯನ್ನು ಅಳೆಯುತ್ತಿರುತ್ತವೆ.

ಚಳಿಯನ್ನು ತಡೆಯುವುದಷ್ಟೇ ಅಲ್ಲ, ಚಳಿ ಬೇಕೇ ಬೇಕು ಎನ್ನುವ ಹಂತವೂ ಕೀಟಗಳ ಬದುಕಿನಲ್ಲಿದೆ. ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ತಳಿಯ ಮೊಟ್ಟೆಗಳು ವರ್ಷವಿಡೀ ಒಡೆಯುತ್ತಲೇ ಇರುತ್ತವೆ. ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ದ್ವಿತಳಿಯ ಮೊಟ್ಟೆಗಳು ಹಾಗಲ್ಲ. ಅವು ಸುಪ್ತಾವಸ್ಥೆಗೆ ಇಳಿಯುತ್ತವೆ. ಬಿತ್ತನೆ ಕೋಠಿಗಳಲ್ಲಿ ಅವನ್ನು ತಿಂಗಳುಗಟ್ಟಲೆ ಶೀತಗೃಹದಲ್ಲಿಟ್ಟ ಮೇಲೆ, ಇಲ್ಲವೇ ಚಿಟ್ಟೆ ಮೊಟ್ಟೆಯಿಟ್ಟ ಒಂದು ದಿನದೊಳಗೆ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಕೊಟ್ಟರೆ ಮಾತ್ರ ಮರಿ ಹೊರಬರುತ್ತದೆ. ಆ ಮೊಟ್ಟೆಯೊಳಗೆ ನಡೆಯುವುದೇನು ಎಂಬುದನ್ನು ಜಪಾನಿನ ಹರುವೊ ಚಿನೊ 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ಸುಪ್ತಾವಸ್ಥೆಯಲ್ಲಿ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಬದಲಾಗುತ್ತದೆ. ಅವಸ್ಥೆ ಮುಗಿದಾಗ ಮತ್ತೆ ಗ್ಲೈಕೋಜನ್ ಆಗುತ್ತದೆ. ಧ್ರುವದ ಕೀಟಗಳು ಚಳಿಗೆ ತುಂಬಿಕೊಳ್ಳುವ ಗ್ಲಿಸರಾಲ್ ನಮ್ಮ ಹಿಪ್ಪುನೇರಳೆ ನಾಡಿನ ಶೀತಗೃಹಗಳಲ್ಲಿರುವ ಮೊಟ್ಟೆಗಳಲ್ಲೂ ಇದೆ.

ಬೆಲ್ಜಿಕಾಕ್ಕೂ ಚಳಿಗಾಲವೇ ಗಡಿಯಾರ. ಒಸಾಕಾ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಚಳಿಗಾಲದಲ್ಲಿ ಮರಿಹುಳು ಸುಮ್ಮನೆ ಕೆಲಸ ನಿಲ್ಲಿಸಿರುತ್ತದೆ. ಬಿಸಿಲು ಬಂದ ಕೂಡಲೇ ಮತ್ತೆ ಬೆಳೆಯತೊಡಗುತ್ತದೆ. ಎರಡನೆಯ ಚಳಿಗಾಲದಲ್ಲಿ ಮಾತ್ರ, ಬೆಳವಣಿಗೆಯ ಕೊನೆಯ ಹಂತ ತಲುಪಿದ ಮರಿಹುಳು ಕಡ್ಡಾಯವಾಗಿ ಸುಪ್ತಾವಸ್ಥೆಗೆ ಹೋಗುತ್ತದೆ, ಚಳಿಯನ್ನು ಸಾಕಷ್ಟು ಉಂಡ ಮೇಲೆಯೇ ಎಚ್ಚರಾಗುತ್ತದೆ. ಹೀಗಿರುವುದರಿಂದ ಎಲ್ಲ ಕೀಟಗಳೂ ಬೇಸಿಗೆಯಲ್ಲಿ ಒಟ್ಟಿಗೆ ಪ್ರೌಢವಾಗುತ್ತವೆ. ಕೆಲವೇ ದಿನ ಬದುಕುವ, ಹಾರಲಾರದ ಕೀಟಕ್ಕೆ ಜೊತೆ ಸಿಗಬೇಕಾದರೆ ಇದು ಅನಿವಾರ್ಯ.

ಈಗ ಆ ಚಳಿಗಾಲ ಬದಲಾಗುತ್ತಿದೆ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ 1950ರ ದಶಕದಿಂದ ಸುಮಾರು 3 ಡಿಗ್ರಿಯಷ್ಟು ಬಿಸಿಯಾಗಿದೆ. 2020ರ ಫೆಬ್ರುವರಿ 6ರಂದು ಅಲ್ಲಿನ ಎಸ್ಪೆರಾನ್ಸಾ ಕೇಂದ್ರದಲ್ಲಿ 18.3 ಡಿಗ್ರಿ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಖಂಡದ ದಾಖಲೆ ಎಂದು ಒಪ್ಪಿತು. ಚಳಿಯಲ್ಲಿ ನರಳುವ ಹುಳುವಿಗೆ ಬೆಚ್ಚಗಾದರೆ ಒಳ್ಳೆಯದೇ ಅಲ್ಲವೇ ಎಂಬ ವಾದ ಸಹಜವಾಗಿ ಬರುತ್ತದೆ. ಇದಕ್ಕೆ ನೇರ ಉತ್ತರ ಕೊಟ್ಟದ್ದು 2022ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಬೆಲ್ಜಿಕಾ ಮರಿಹುಳುಗಳನ್ನು ಆರು ತಿಂಗಳ ಕಾಲ ಮೂರು ಬಗೆಯ ಕೃತಕ ಚಳಿಗಾಲದಲ್ಲಿಟ್ಟರು: ಮೈನಸ್ 5, ಮೈನಸ್ 3, ಮೈನಸ್ 1 ಡಿಗ್ರಿ. ಹೆಚ್ಚು ಸತ್ತದ್ದು ಅತಿ ಬೆಚ್ಚಗಿನ ಚಳಿಗಾಲದಲ್ಲಿ. ಬದುಕಿದವುಗಳಲ್ಲೂ ಕೂಡಿಟ್ಟ ಕೊಬ್ಬು-ಸಕ್ಕರೆ ಕರಗಿತ್ತು, ಚಲನೆ ಮಂದವಾಗಿತ್ತು.

ಕಾರಣ ಕಷ್ಟದ್ದಲ್ಲ. ಚಳಿಗಾಲದಲ್ಲಿ ಮರಿಹುಳುವಿಗೆ ಆಹಾರವಿಲ್ಲ. ಬೇಸಿಗೆಯಲ್ಲಿ ಕೂಡಿಟ್ಟದ್ದರಲ್ಲೇ ಆರು ತಿಂಗಳು ದೂಡಬೇಕು. ಮೈನಸ್ 5ರಲ್ಲಿ ಚಯಾಪಚಯ ಸ್ತಬ್ಧವಾಗಿರುತ್ತದೆ, ಖರ್ಚು ಅತ್ಯಲ್ಪ. ಮೈನಸ್ 1ರಲ್ಲಿ ಖರ್ಚು ಏರುತ್ತದೆ, ಆದಾಯ ಮಾತ್ರ ಸೊನ್ನೆಯಲ್ಲೇ ಇರುತ್ತದೆ. ವಸಂತ ಬರುವ ಹೊತ್ತಿಗೆ ಕಣಜ ಬರಿದು. ಸತ್ತರೆ ಲೆಕ್ಕಕ್ಕೆ ಸಿಗುತ್ತದೆ. ಬದುಕಿ ಬಡಕಲಾಗಿ, ಕಡಿಮೆ ಮೊಟ್ಟೆ ಇಡುವ ಕೀಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ತೊಂದರೆ, ಏರಿಳಿತ. ಒಂದೇ ಸಲ ಹೆಪ್ಪುಗಟ್ಟಿ ಹಾಗೆಯೇ ಇರುವುದಕ್ಕಿಂತ, ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗುವುದು ಮರಿಹುಳುವಿಗೆ ಹೆಚ್ಚು ಹಾನಿಕರ. ಪ್ರತಿ ಸಲವೂ ಕೋಶಗಳು ಮುದುಡಿ ಅರಳಬೇಕು, ಆದ ಗಾಯ ದುರಸ್ತಿಯಾಗಬೇಕು, ಅದಕ್ಕೆಲ್ಲ ಶಕ್ತಿ ಬೇಕು. ಮತ್ತೆ ಮತ್ತೆ ಒಣಗಿ ನೆನೆಯುವುದಕ್ಕೂ ಇದೇ ಮಾತು. ಚಳಿಗಾಲದ ನಡುವೆ ಒಂದು ವಾರ ಬಿಸಿಲು ಬಿದ್ದು ಹಿಮದ ಹೊದಿಕೆ ಕರಗಿ, ಆಮೇಲೆ ಗಾಳಿ ಮತ್ತೆ ಕೊರೆದರೆ, ಬೆತ್ತಲಾದ ಮಣ್ಣು ಹಿಂದೆಂದಿಗಿಂತ ಹೆಚ್ಚು ತಣ್ಣಗಾಗುತ್ತದೆ. ಜಗತ್ತು ಬೆಚ್ಚಗಾಗುತ್ತಿರುವಾಗ ಹುಳುವಿನ ಮನೆ ಮಾತ್ರ ತಣ್ಣಗಾಗುವ ಈ ವಿಪರ್ಯಾಸ ಅಂಟಾರ್ಕ್ಟಿಕಾಕ್ಕೆ ಸೀಮಿತವಲ್ಲ. ಉತ್ತರದ ಶೀತಪ್ರದೇಶಗಳಲ್ಲಿ ಹಿಮದಡಿ ಚಳಿಗಾಲ ಕಳೆಯುವ ಅಸಂಖ್ಯ ಕೀಟಗಳಿಗೂ ಇದೇ ಗತಿ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಎಲ್ಲೆಡೆಯೂ ಹಿಮ ಕಡಿಮೆಯಾಗುತ್ತದೆ ಎಂದು ಹೇಳುವುದೂ ಸರಿಯಲ್ಲ. ಬೆಚ್ಚನೆಯ ಗಾಳಿ ಹೆಚ್ಚು ತೇವ ಹೊತ್ತು ತಂದು ಕೆಲವು ಕಡೆ ಹೆಚ್ಚು ಹಿಮ ಸುರಿಯಬಹುದು. ಆಗ ಕಡುಚಳಿಯಿಂದ ರಕ್ಷಣೆ ಸಿಗುತ್ತದೆ, ಆದರೆ ಮಣ್ಣು ಸೊನ್ನೆಯ ಹತ್ತಿರವೇ ಉಳಿದು ಶಕ್ತಿಯ ಸೋರಿಕೆ ಹೆಚ್ಚುತ್ತದೆ.

ಸ್ಥಳಾಂತರ ಬೆಲ್ಜಿಕಾಕ್ಕೆ ಸಾಧ್ಯವಿಲ್ಲದ ಮಾತು. ನಮ್ಮ ಹಿಮಾಲಯದಲ್ಲೂ ಹಿಮನದಿಯ ಮೇಲೆ ಬದುಕುವ ಒಂದು ಕೈರೊನಾಮಿಡ್ ಇದೆ. ನೇಪಾಳದ ಯಾಲಾ ಹಿಮನದಿಯಲ್ಲಿ ಜಪಾನಿನ ಶಿರೊ ಕೊಶಿಮಾ 1984ರಲ್ಲಿ ವರದಿ ಮಾಡಿದ ಆ ಡಯಮೆಸಾ ಕೀಟ ಮೈನಸ್ 16 ಡಿಗ್ರಿಯಲ್ಲೂ ನಡೆದಾಡುತ್ತದೆ. ಹಿಮನದಿ ಹಿಂದೆ ಸರಿದರೆ ಅದು ಕಾಲ್ನಡಿಗೆಯಲ್ಲೇ ಮೇಲಕ್ಕೆ ಹೋಗಬೇಕು, ಬೆಟ್ಟ ಮುಗಿಯುವವರೆಗೆ. ಬೆಲ್ಜಿಕಾ ಇರುವುದು ಸಮುದ್ರ ಸುತ್ತುವರಿದ ಬಂಡೆಗಳ ಮೇಲೆ, ರೆಕ್ಕೆಯಿಲ್ಲದೆ.

ಹೊಸಬರು ಬರುವ ದಾರಿ ಮಾತ್ರ ತೆರೆದಿದೆ. 1960ರ ದಶಕದಲ್ಲಿ ಅಂಟಾರ್ಕ್ಟಿಕಾಕ್ಕೆ ಉತ್ತರದ ಸೌತ್ ಜಾರ್ಜಿಯಾ ದ್ವೀಪದಿಂದ ಅದಕ್ಕಿಂತ ದಕ್ಷಿಣದ ಸಿಗ್ನಿ ದ್ವೀಪಕ್ಕೆ ಸಸ್ಯ ಪ್ರಯೋಗಕ್ಕೆಂದು ತಂದ ಗಿಡ-ಮಣ್ಣಿನ ಜೊತೆ ಎರೆಟ್‌ಮಾಪ್ಟೆರಾ ಮರ್ಫಿಯಿ ಎಂಬ ಇನ್ನೊಂದು ರೆಕ್ಕೆಗೆಟ್ಟ ಗುಂಗುರು ಬಂದು ಸೇರಿತು. ಅದರಲ್ಲಿ ಗಂಡೇ ಬೇಕಿಲ್ಲ. ಹೆಣ್ಣೊಂದೇ ಸಂತಾನ ಬೆಳೆಸುತ್ತದೆ. ಅದು ನೆಲೆಸಿದ ಕಡೆ ಮಣ್ಣಿನ ಸಾರಜನಕ ಮೂರರಿಂದ ಐದು ಪಟ್ಟು ಏರಿದೆ ಎಂದು ಬ್ರಿಟಿಷ್ ಸಂಶೋಧಕರು ಅಳೆದಿದ್ದಾರೆ. ಎರೆಹುಳುವೂ ಇಲ್ಲದ ನೆಲದಲ್ಲಿ ಕೊಳೆತದ್ದನ್ನು ತಿಂದು ಮಣ್ಣು ಮಾಡುವ ಕೆಲಸವನ್ನು ಅದು ಒಬ್ಬಂಟಿಯಾಗಿ ಮಾಡುತ್ತಿದೆ. ಸಾರಜನಕ ಹೆಚ್ಚಿದ ಮಣ್ಣಿನಲ್ಲಿ ಹೊರಗಿನ ಸಸ್ಯಗಳಿಗೂ ನೆಲೆ ಸುಲಭ. ಸಿಗ್ನಿಯಿಂದ ಇನ್ನೂ ದಕ್ಷಿಣಕ್ಕೆ, ಬೆಲ್ಜಿಕಾ ಇರುವ ಪರ್ಯಾಯ ದ್ವೀಪದ ಕಡೆಗೆ ಹೋದರೂ ಅದು ಬದುಕಬಲ್ಲದು; ಅಲ್ಲಿಯವರೆಗೆ ಒಯ್ಯಲು ಒಂದು ಬೂಟಿನ ಅಡಿಯ ಮಣ್ಣು ಸಾಕು. 2022-23ರ ಋತುವಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಪ್ರವಾಸಿಗರ ಸಂಖ್ಯೆ 1 ಲಕ್ಷ ದಾಟಿತು, ಅವರಲ್ಲಿ ಬಹುಪಾಲು ಮಂದಿ ಹೋದದ್ದು ಇದೇ ಪರ್ಯಾಯ ದ್ವೀಪಕ್ಕೆ. ಹಡಗಿನಿಂದ ಇಳಿಯುವ ಮುನ್ನವೂ ಹತ್ತುವಾಗಲೂ ಬೂಟು ಉಜ್ಜಿ ತೊಳೆಯಿಸುವ, ಬಟ್ಟೆಯ ಮಡಿಕೆ, ಚೀಲದ ಮೂಲೆಗಳನ್ನು ಬೀಜ-ಮಣ್ಣಿಗಾಗಿ ತಡಕಿಸುವ ನಿಯಮ ಅಲ್ಲಿರುವುದು ಈ ಕಾರಣಕ್ಕೇ.